ಲೋಲಕ್ಕನ ಪಿಸ್ತೂಲು ನಮಸ್ಕಾರ

ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಲೋಲಾಕ್ಷಿಯವರ ಬಾಗಿಲು ನಮ್ಮ ಬಾಗಿಲಿಗೆ ಎದುರು. ಬೆಳಗಿನ ಜಾವ ಆ ಬಾಗಿಲು ತೆರೆದ ಸದ್ದು ಕೇಳಿದರೆ ಸಾಕು, ಹೊರಗೆ ಏನು ನಡೆಯುತ್ತಿದೆ ಎಂದು ನಾನು ದೇವರ ದೀಪದ ಮುಂದೆ ಕುಳಿತಲ್ಲಿಂದಲೇ ಹೇಳಬಲ್ಲೆ. ಮೊದಲು ಬೀಗದ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ಮಿರಿಮಿರಿ ಮಿಂಚುವ ಹಸಿರು ಜಾಕೆಟ್ಟನ್ನು. ಆಮೇಲೆ ಕೊರಳಿಗೆ ಹಾಕುವ ಸೀಟಿಯನ್ನು. ಲಿಫ್ಟಿನ ಗುಂಡಿಯನ್ನು ಕಿತ್ತು ಕಣ್ಣಿಗೆ ಒತ್ತಿಕೊಳ್ಳುವುದು ಸಾಧ್ಯವಿಲ್ಲದ್ದರಿಂದ ಅದನ್ನು ಒತ್ತಿದ ಬೆರಳನ್ನೇ ಒತ್ತಿಕೊಂಡು ಕೆಳಗಿಳಿಯುತ್ತಾರೆ.

ಅವರದು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ. ಇಲ್ಲಿ ಅದಕ್ಕೆ ಬಸ್ ನ್ಯಾನಿ ಎನ್ನುತ್ತಾರೆ. ಹುಟ್ಟೂರು ಕಾಪು. ನಾವೆಲ್ಲ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರೇ. ಆದರೆ ಲೋಲಕ್ಕನಿಗೆ ಕಾಲು ತಾಗಬೇಕೆಂದಿಲ್ಲ. ಕೈಗೆ ಬಂದ ಯಾವ ವಸ್ತುವೂ ಅವರ ಕಣ್ಣನ್ನು ಮುಟ್ಟಿಯೇ ಕೆಲಸಕ್ಕೆ ಹೋಗಬೇಕು. ಅನ್ನದ ಸೌಟು, ಹೊಸ ಸೋಪು, ಟಿ.ವಿ. ರಿಮೋಟು, ಬಸ್ಸಿನ ಫಸ್ಟ್ ಏಡ್ ಪೆಟ್ಟಿಗೆ. ಒಮ್ಮೆ ಆಯುಧ ಪೂಜೆಯ ದಿನ ಬಸ್ಸಿನ ಚಕ್ರದಡಿ ಲಿಂಬೆ ಇಡಲು ಬಗ್ಗಿದ್ದರಂತೆ. ಡ್ರೈವರ್ ಅಲಿಕುಂಞಿಯವರು, ಉಪ್ಪಿನಂಗಡಿ ಕಡೆಯ ಬ್ಯಾರಿಗಳು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಲೋಲಕ್ಕಾ, ಲಿಂಬೆ ಹಾಳು ಮಾಡ್ಬೇಡಿ ಮಾರಾಯ್ತಿ. ಇತ್ಲಾಗಿ ಕೊಡಿ, ಶರಬತ್ತು ಮಾಡುವ" ಎಂದು ಅದನ್ನು ಇಸಕೊಂಡರು. ಕೊಡುವಾಗಲೂ ಲೋಲಕ್ಕ ಲಿಂಬೆಯನ್ನು ಕಣ್ಣಿಗೆ ಒತ್ತಿಯೇ ಕೊಟ್ಟರಂತೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಲೋಲಕ್ಕನ ಕೈ ಗಿಡುಗದ ಕೈ. ಬಸ್ಸಿನ ಕೊನೆಯ ಸೀಟಿನ ಹುಡುಗ ಕಿಟಕಿಯ ಹೊರಗೆ ಕೈ ಹಾಕಬೇಕೆಂದು ಮನಸ್ಸಿನಲ್ಲಿ ಎಣಿಸಿದರೆ ಸಾಕು, ಆ ಮಣಿಕಟ್ಟು ಲೋಲಕ್ಕನ ಮುಷ್ಟಿಯಲ್ಲಿರುತ್ತದೆ. ಜೊತೆಗೆ ಒಂದು ಗರ್ಜನೆ: "ಹ್ಯಾಂಡ್ಸ್ ಇನ್‌ಸೈಡ್! ಸಿಟ್!" ಆ ದನಿಗೆ ಮಕ್ಕಳು ಕೂರುತ್ತಾರೆ. ಒಮ್ಮೆ ಮಗುವನ್ನು ಹತ್ತಿಸಲು ಬಂದಿದ್ದ ಒಬ್ಬ ತಂದೆಯೂ ಬಸ್ಸಿನ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದರು.

ಇಂಥವರು ಪಿಸ್ತೂಲು ಹಿಡಿಯಲು ಹೊರಟದ್ದಕ್ಕೆ ಕಾರಣ ಒಂದು ಕುರ್ಚಿ.

ಕಾಪುವಿನ ಹೆದ್ದಾರಿ ಬದಿಯಲ್ಲಿ ಲೋಲಕ್ಕನ ಗಂಡ ಮೋಹನದಾಸರು ಮತ್ತು ಅವರ ಅಣ್ಣ ಶಾಮಸುಂದರರು ಸೇರಿ ಒಂದು ಪೆಟ್ರೋಲ್ ಬಂಕ್ ಹಾಕಿದ್ದರು. ಮಗಳು ತೃಷಾಳ ಓದು ಮುಗಿದ ಕೂಡಲೇ ದುಬೈ ಬಿಟ್ಟು ಊರಿಗೆ ಹೋಗುವುದು, ಬಂಕಿನ ಗಾಜಿನ ಕ್ಯಾಬಿನ್ನಿನಲ್ಲಿರುವ ತಿರುಗುವ ಕುರ್ಚಿಯಲ್ಲಿ ಕುಳಿತು ವ್ಯವಹಾರ ನೋಡಿಕೊಳ್ಳುವುದು, ಇದು ಲೋಲಕ್ಕನ ಬಹುಕಾಲದ ಆಸೆ. "ಇಷ್ಟು ವರ್ಷ ಓಡುವ ಬಸ್ಸಲ್ಲಿ ನಿಂತೇ ಇದ್ದೇನಲ್ಲ, ಇನ್ನು ಒಂದು ಕಡೆ ಕೂತು ಓಡುವ ಬಸ್ಸು ನೋಡ್ಬೇಕು" ಎಂದು ನನ್ನಲ್ಲಿ ಎಷ್ಟೋ ಸಲ ಹೇಳಿದ್ದರು. ಮೋಹನದಾಸರಿಗೆ ಆ ಕುರ್ಚಿ ಬೇಡ. ರಾಸ್ ಅಲ್ ಖೋರಿನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವ ಅವರು, ಯಾರಾದರೂ ಜೋರಾಗಿ ಬೋಲ್ಟು ಕೇಳಿದರೆ ನಟ್ಟನ್ನೂ ಸೇರಿಸಿ ಕೊಟ್ಟು ಕಳಿಸುವಷ್ಟು ಮೆದು ಮನುಷ್ಯ.

ಚಳಿಗಾಲದಲ್ಲಿ ಶಾಮಸುಂದರರು ವಿಸಿಟ್ ವೀಸಾದಲ್ಲಿ ಬಂದರು. ದಪ್ಪ ಮೀಸೆ, ಸಫಾರಿ ಸೂಟು, ಜೇಬಿನಲ್ಲಿ ಬಂಕಿನ ಕ್ಯಾಬಿನ್ನಿನ ಬೀಗದ ಕೈ. ಅದನ್ನು ಊರಲ್ಲಿ ಯಾರ ಕೈಗೂ ಕೊಡದೆ ಸಮುದ್ರ ದಾಟಿಸಿ ತಂದಿದ್ದರು. ಬಂದ ರಾತ್ರಿ ಊಟಕ್ಕೆ ನನ್ನನ್ನೂ ಕರೆದಿದ್ದರು. ಕೋಳಿಸಾರಿಗೆ ಕೋರಿ ರೊಟ್ಟಿ ಮುರಿಯುತ್ತಾ ಶಾಮಸುಂದರರು ಕುರ್ಚಿಯ ಮಾತು ತೆಗೆದರು.

"ಬಂಕು ಅಂದ್ರೆ ಬಸ್ಸಲ್ಲ ಲೋಲಾಕ್ಷಿ. ಕತ್ತಲೆಗೆ ಯಾರಾದ್ರೂ ಬಂದು ಕ್ಯಾಶಿಗೆ ಕೈ ಹಾಕಿದ್ರೆ ನೀನು ಎಂತ ಮಾಡ್ತೀ? ಸೀಟಿ ಊದ್ತೀಯಾ?"

"ನೀವು ಎಂತ ಮಾಡ್ತೀರಿ ಭಾವ?"

"ನನಗೆ ರಿವಾಲ್ವರಿನ ಅಭ್ಯಾಸ ಉಂಟು."

ಮೋಹನದಾಸರು ತಲೆಯೆತ್ತಿದರು. "ಯಾವಾಗ ಕಲ್ತದ್ದು ಅಣ್ಣ?"

"ನಿನಗೆ ಎಲ್ಲಾ ಹೇಳಿ ಕಲೀಬೇಕಾ? ನೀನು ರಸ ಬಡಿಸು."

ಲೋಲಕ್ಕ ಸೌಟನ್ನು ಕೆಳಗಿಟ್ಟರು. "ನಾನೂ ಕಲ್ತರೆ?"

ಶಾಮಸುಂದರರು ನಕ್ಕರು. ರೊಟ್ಟಿಯ ಚೂರು ಮೀಸೆಯಲ್ಲಿ ಸಿಕ್ಕಿಕೊಂಡಿತು. "ನೀನಾ? ಕಲಿ, ಕಲಿ. ನಾನು ವಾಪಸು ವಿಮಾನ ಹತ್ತುವ ಮೊದಲು ಪಿಸ್ತೂಲಿನ ಪರೀಕ್ಷೆ ಒಂದು ಪಾಸಾಗಿ ತೋರ್ಸು. ಕ್ಯಾಬಿನ್ನಿನ ಕೀ ನಿನ್ನ ಕೈಯಲ್ಲಿ ಇಡ್ತೇನೆ. ಕುರ್ಚಿ ನಿನ್ನದು. ಇವರೇ ಸಾಕ್ಷಿ" ಎಂದು ನನ್ನತ್ತ ಎಲುಬು ತೋರಿಸಿದರು. ನಾನು ಬಂದದ್ದು ಊಟಕ್ಕೆ. ಎದ್ದಾಗ ಸಾಕ್ಷಿಯಾಗಿದ್ದೆ.

ಮರುದಿನ ಮೋಹನದಾಸರು ಹೆಂಡತಿಗೆ ಬುದ್ಧಿ ಹೇಳಲು ನೋಡಿದರು. "ಲೋಲಾ, ಟ್ಯಾಕ್ಸಿಯಲ್ಲಿ ಮರೆತ ಪರ್ಸು ಮನೆಗೆ ಬಂದು ಮುಟ್ಟುವ ಊರಿದು. ಇಲ್ಲಿ ನಿನಗೆ ಯಾರಿಂದ ರಕ್ಷಣೆ?"

"ನಿಮ್ಮ ಅಣ್ಣನಿಂದ" ಎಂದರು ಲೋಲಕ್ಕ.

ದಾರಿ ತೋರಿಸಿದವರು ಅಲಿಕುಂಞಿ. ಅವರ ತಂಗಿಯ ಮಗ ಹಿಶಾಮ್ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ತರಬೇತಿ ಕೊಡುವವನು. ಹುಟ್ಟಿ ಬೆಳೆದದ್ದು ಇಲ್ಲಿಯ ಅಲ್ ಐನ್ ಊರಿನಲ್ಲಿ. ಗಡ್ಡ ಬಿಟ್ಟ ಗಟ್ಟಿ ಆಳು, ಆದರೆ ಕನ್ನಡ ಮಾತ್ರ ಅಜ್ಜಿಯ ಕನ್ನಡ. ಕ್ಲಬ್ಬು ಇರುವುದು ಊರು ಮುಗಿದು, ಒಂಟೆ ದಾಟುವ ಬೋರ್ಡುಗಳು ಶುರುವಾಗುವ ಕಡೆ. ಇಲ್ಲಿ ನಮ್ಮಂಥವರು ಗನ್ನನ್ನು ಮನೆಗೆ ತರುವ ಮಾತೇ ಇಲ್ಲ. ಕ್ಲಬ್ಬಿನ ಗನ್ನು, ಕ್ಲಬ್ಬಿನ ಗುಂಡು, ಹಾರಿಸಿದ ಮೇಲೆ ಎಲ್ಲವನ್ನೂ ಅಲ್ಲೇ ಬಿಟ್ಟು ಕೈ ತೊಳೆದು ಬರಬೇಕು. ಆತ್ಮರಕ್ಷಣೆಯ ಮೊದಲ ತರಗತಿ ಪಾಸಾಗಲು ಶನಿವಾರ ಶನಿವಾರ ಹೋಗಿ ಕಲಿತು ಕೊನೆಗೆ ಒಂದು ಪರೀಕ್ಷೆ ಕೊಡಬೇಕು.

ಮೊದಲ ಶನಿವಾರ ಹಿಶಾಮ್ ನಿಯಮ ಹೇಳಿದ. "ಅಕ್ಕಾ, ಒಂದನೇದು, ಗನ್ನು ಖಾಲಿ ಅಂತ ಯಾರು ಹೇಳಿದ್ರೂ ನಂಬ್ಲಿಕ್ಕಿಲ್ಲ. ಇಲ್ಲಿ ಎಲ್ಲ ಗನ್ನೂ ತುಂಬಿದ್ದೇ. ಎರಡ್ನೇದು, ನಳಿಗೆ ಯಾವಾಗ್ಲೂ ಗುರಿಯ ಕಡೆಗೇ. ಆಚೆ ಈಚೆ ತಿರುಗಿಸ್ಲಿಕ್ಕಿಲ್ಲ. ಮೂರ್ನೇದು, ಹೊಡೆಯುವ ಹೊತ್ತು ಬರುವವರೆಗೆ ಬೆರಳು ಈ ಕುದುರೆಯ ಮೇಲೆ, ಟ್ರಿಗರಿನ ಮೇಲೆ, ಇಡ್ಲಿಕ್ಕಿಲ್ಲ. ಗೊತ್ತಾಯ್ತಾ?"

"ಗೊತ್ತಾಯ್ತು."

"ಹಾಗಾದ್ರೆ ತಕೊಳ್ಳಿ."

ಲೋಲಕ್ಕ ತಕೊಂಡರು. ಪ್ರಸಾದ ಹಿಡಿದ ಹಾಗೆ ಎರಡೂ ಅಂಗೈಯಲ್ಲಿ ಹಿಡಿದು, ಬಲಗಣ್ಣಿಗೊಮ್ಮೆ, ಎಡಗಣ್ಣಿಗೊಮ್ಮೆ ಒತ್ತಿಕೊಂಡರು.

ಗಂಟೆ ಬಡಿಯಿತು. ಕೆಂಪು ದೀಪ ಉರಿಯಿತು. ಸಾಲಿನಲ್ಲಿದ್ದವರೆಲ್ಲ ಗನ್ನು ಕೆಳಗಿಟ್ಟು ಕೈ ಎತ್ತಿದರು. ಪಕ್ಕದ ಮೇಜಿನ ಮುಂದಿದ್ದ ಒಬ್ಬ ಗಜಗಾತ್ರದ ರಷ್ಯಾದ ಮನುಷ್ಯ ಮೇಜಿನಡಿ ಸೇರಿಕೊಂಡಿದ್ದ. ಅವನ ಅರ್ಧ ಭಾಗ ಹೊರಗೇ ಉಳಿದಿತ್ತು.

"ಎಂತ ಮಾಡಿದ್ದು ಅಕ್ಕಾ ನೀವು?" ಎಂದ ಹಿಶಾಮ್.

"ನಮಸ್ಕಾರ."

"ಯಾರಿಗೆ?"

"ಗನ್ನಿಗೆ."

"ನಳಿಗೆ ಯಾರ ಕಡೆಗಿತ್ತು ನೋಡಿದ್ರಾ?"

"ಹೇಗೆ ನೋಡುದು? ಕಣ್ಣು ಮುಚ್ಚಿಯೇ ಅಲ್ವಾ ನಮಸ್ಕಾರ ಮಾಡುದು?"

ಹಿಶಾಮ್ ಗಡ್ಡ ಸವರಿಕೊಂಡ. ಕ್ಲಬ್ಬಿನ ಮ್ಯಾನೇಜರು ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿ ಹೋದರು. ಅದರ ಸಾರ ಇಷ್ಟು: ಇಂಥದ್ದು ಇನ್ನೆರಡು ಸಲ ಆದರೆ ಖಲಾಸ್, ಈ ಹೆಂಗಸು ಮತ್ತೆ ಬಾಗಿಲು ದಾಟುವ ಹಾಗಿಲ್ಲ.

ಆ ದಿನ ಸಂಜೆ ಲೋಲಕ್ಕ ನನ್ನ ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದರು. ನಾನು ನಗಬಾರದೆಂದು ಚಾದ ಲೋಟವನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಕೇಳಿದೆ.

"ಗುರಿ ಎಲ್ಲ ಸರಿ ಉಂಟಂತೆ. ಕೈ ನಡುಗುದಿಲ್ಲಂತೆ. ಹಿಶಾಮನೇ ಹೇಳಿದ. ಒಂದು ಒತ್ತಿಕೊಳ್ಳುದು ಬಿಡ್ಬೇಕು, ಅಷ್ಟೇ" ಎಂದು ಲೋಲಕ್ಕ ಚಾದ ಲೋಟವನ್ನು ಕಣ್ಣಿಗೆ ಒತ್ತಿಕೊಂಡು ಕುಡಿದರು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಆಟಿಕೆಯ ಗನ್ನನ್ನೂ ತರಬೇಡಿ, ಕಿಟಕಿಯಿಂದ ಯಾರಾದರೂ ಕಂಡರೆ ಫಜೀತಿ ಎಂದು ಹಿಶಾಮ್ ಎಚ್ಚರಿಸಿದ್ದ. ಕುದುರೆ ಒತ್ತಿದರೆ ಏನಾದರೂ ಹಾರುವಂಥದ್ದು ಬೇಕಿತ್ತು. ಕೊನೆಗೆ ಗಾಜು ಒರೆಸುವ ಸ್ಪ್ರೇ ಬಾಟಲಿಯನ್ನು ತೊಳೆದು, ನೀರು ತುಂಬಿಸಿ, ಸೊಂಟಕ್ಕೆ ಬಿಗಿದ ದುಪಟ್ಟಾದಲ್ಲಿ ಸಿಕ್ಕಿಸಿಕೊಂಡರು. ಊಟದ ಮೇಜು ಬಂಕಿನ ಕ್ಯಾಬಿನ್ನಾಯಿತು. ಕಳ್ಳನ ಪಾತ್ರ ಮೋಹನದಾಸರದು. ಚಳಿಗೆಂದು ಅಣ್ಣ ತಂದಿದ್ದ ಮಂಕಿ ಕ್ಯಾಪನ್ನು ಅವರ ತಲೆಗೆ ಹಾಕಿದ್ದರು. ಭಾವ ಸೋಫಾದಲ್ಲಿ ಕಾಲು ಚಾಚಿ ಕುಳಿತು ನೋಡುತ್ತಿದ್ದರು. ನಾನು ಪೆಟ್ರೋಲು ಹಾಕಿಸಿಕೊಳ್ಳಲು ಬಂದ ಗಿರಾಕಿ.

ಮೋಹನದಾಸರು ಬಚ್ಚಲುಮನೆಯಿಂದ ಹೊರಬಂದು ಮೇಜಿನ ಮುಂದೆ ನಿಂತರು. "ಸ್ವಲ್ಪ ಕ್ಯಾಶ್ ಉಂಟಾ?"

"ಹಾಗೆ ಯಾವ ಕಳ್ಳ ಕೇಳ್ತಾನೆ? ಸಾಲಕ್ಕೆ ಬಂದವರ ಹಾಗೆ! ಜೋರು ಮಾಡಿ!"

"ಕ್ಯಾಶ್ ತೆಗೀರಿ! ದಯವಿಟ್ಟು!"

ಹಿಶಾಮ್ ಕಲಿಸಿದ ಕ್ರಮ ಹೀಗಿತ್ತು: ಮೊದಲು ಒಂದು ಹೆಜ್ಜೆ ಹಿಂದೆ. ಆಮೇಲೆ ಗಟ್ಟಿ ದನಿಯಲ್ಲಿ 'ನಿಲ್ಲು' ಎನ್ನುವುದು. ನಿಲ್ಲದಿದ್ದರೆ ಮಾತ್ರ ಪಿಸ್ತೂಲು ತೆಗೆಯುವುದು, ಎರಡು ಕೈಯಲ್ಲಿ ಹಿಡಿಯುವುದು, ಗುರಿ ನೋಡುವುದು. ಹೊಡೆಯುವುದು ಕೊನೆಯ ಉಪಾಯ. ಲೋಲಕ್ಕ ಹಿಂದೆ ಸರಿದರು. "ನಿಲ್ಲು!" ಎಂದರು. ಕಳ್ಳ ಆಗಲೇ ನಿಂತಿದ್ದ. ಆದರೂ ಬಾಟಲಿ ಹೊರಬಂತು, ಎರಡು ಕೈಗೆ ಏರಿತು, ಮತ್ತು ಗುರಿಗೆ ಹೋಗುವ ಮೊದಲು ಸೀದಾ ಕಣ್ಣಿಗೆ ಹೋಯಿತು. ಬೆರಳು ಕುದುರೆಯ ಮೇಲೆಯೇ ಇತ್ತು. ಫುಸ್ಸೆಂದು ನೀರು ಲೋಲಕ್ಕನ ಎರಡೂ ಕಣ್ಣಿಗೆ ಹಾರಿತು.

"ಕಳ್ಳ ಓಡಿ ಹೋದ" ಎಂದರು ಶಾಮಸುಂದರರು ಸೋಫಾದಿಂದ. "ಕುರ್ಚಿ ಸಹ ತಕೊಂಡು ಹೋದ."

ತೃಷಾ ತನ್ನ ಕೋಣೆಯಿಂದ ಇಣುಕಿ ತಾಯಿಯನ್ನು, ಮಂಕಿ ಕ್ಯಾಪಿನ ತಂದೆಯನ್ನು, ಪೆಟ್ರೋಲಿಗೆ ಕಾದು ನಿಂತ ನನ್ನನ್ನು ನೋಡಿದಳು. "ಅಮ್ಮಾ, ನಾರ್ಮಲ್ ಪೀಪಲ್ ಡೂ ಯೋಗ" ಎಂದು ಬಾಗಿಲು ಹಾಕಿಕೊಂಡಳು.

ನೀರಿನ ಬದಲು ಲಿಂಬೆರಸ ತುಂಬಿಸಿದರೆ ಬುದ್ಧಿ ಬರಬಹುದೆಂದು ಮೋಹನದಾಸರು ಸೂಚಿಸಿದರು. ಹಾಗೂ ಮಾಡಿ ನೋಡಿದರು. ಆ ವಾರ ಲೋಲಕ್ಕ ಕೆಂಪು ಕಣ್ಣು ಮಾಡಿಕೊಂಡೇ ಬಸ್ಸು ಹತ್ತಿದರು. ಮಕ್ಕಳು ಎಂದಿಗಿಂತ ಹೆಚ್ಚು ಹೆದರಿ ತೆಪ್ಪಗೆ ಕೂತಿದ್ದರಂತೆ. "ಲೋಲಕ್ಕ, ನಿಮಗೆ ಗನ್ನು ಬೇಡ, ಈ ಕಣ್ಣೇ ಸಾಕು" ಎಂದರಂತೆ ಅಲಿಕುಂಞಿ.

ಮುಂದಿನ ಶನಿವಾರಗಳಲ್ಲಿ ಲೋಲಕ್ಕ ಕೈಯನ್ನು ಗಟ್ಟಿ ಕಟ್ಟಿಹಾಕಿದ ಹಾಗೆ ನಡೆದುಕೊಂಡರು. ಗುರಿ ಬಲವಾಯಿತು. ಕಾಗದದ ಮನುಷ್ಯನ ಎದೆಯ ಕಪ್ಪು ವೃತ್ತದಲ್ಲಿ ತೂತುಗಳು ಹತ್ತಿರ ಹತ್ತಿರ ಬಿದ್ದವು. ಒಂದು ದಿನ ನಡುಮಧ್ಯಕ್ಕೇ ಒಂದು ಗುಂಡು ಹೊಕ್ಕಿತು. ಪಕ್ಕದ ರಷ್ಯಾದವನೇ ಚಪ್ಪಾಳೆ ತಟ್ಟಿದ. ಲೋಲಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ. ಸಂತೋಷವಾದರೆ ಅವರ ಕೈ ಏನು ಮಾಡುತ್ತದೆಂದು ಹೇಳಬೇಕಾಗಿಲ್ಲ. ಮತ್ತೆ ಗಂಟೆ, ಮತ್ತೆ ಕೆಂಪು ದೀಪ. ಈ ಸಲ ರಷ್ಯಾದವನು ಪೂರ್ತಿಯಾಗಿ ಮೇಜಿನಡಿ ಹಿಡಿಸಿದ. ಅವನಿಗೂ ಅಭ್ಯಾಸವಾಗಿತ್ತು.

ಇನ್ನೊಮ್ಮೆ ಒತ್ತಿಕೊಂಡರೆ ಖಲಾಸ್. ಉಳಿದದ್ದು ಪರೀಕ್ಷೆಯ ದಿನವೊಂದೇ.

ಎರಡನೆಯ ಸಲ ಗಂಟೆ ಬಡಿದ ಆ ಶನಿವಾರ ಸಂಜೆ ಲೋಲಕ್ಕ ನನ್ನಲ್ಲಿಗೆ ಬಂದರು. ನಾನು ದೀಪಕ್ಕೆ ಎಣ್ಣೆ ಹಾಕಿ ಪಕ್ಕದಲ್ಲಿ ಕೂತೆ. ಅವರು ಹೇಳಿದರು: "ಬಿಡುದು ಹೇಗೆ ಹೇಳಿ. ಹೇಳದೆ ಕೇಳದೆ ಒಂದು ವಸ್ತುವನ್ನು ಹಿಡಿದು ಕೆಲಸ ಮಾಡಿಸುದು ಅಂದ್ರೆ ಯಾರದೋ ಮನೆಗೆ ಬಾಗಿಲು ತಟ್ಟದೆ ನುಗ್ಗಿದ ಹಾಗೆ ಆಗ್ತದೆ ನನಗೆ. ಅದೂ ಗನ್ನು. ಎಲ್ಲಕ್ಕಿಂತ ಹೆಚ್ಚು ಕೇಳಿಕೊಳ್ಬೇಕಾದ್ದು ಅದರ ಹತ್ರವೇ ಅಲ್ವಾ, ಯಾರಿಗೂ ನೋವು ಮಾಡ್ಬೇಡಪ್ಪಾ ಅಂತ?"

ಇದಕ್ಕೆ ಉತ್ತರ ಕೊಟ್ಟವನು ಹಿಶಾಮ್. ಮರುದಿನ ಅಲಿಕುಂಞಿಯವರ ಫೋನಿನಲ್ಲಿ ಮಾತಾಡಿದ.

"ಅಕ್ಕಾ, ನಾನೂ ಬಿಸ್ಮಿಲ್ಲಾ ಹೇಳದೆ ಗನ್ನು ಮುಟ್ಟುದಿಲ್ಲ. ಆದ್ರೆ ಬಾಯಲ್ಲಿ ಹೇಳ್ತೇನೆ, ಕೈಯಲ್ಲಿ ಅಲ್ಲ. ನಿಮ್ಮ ಕೈ ಸುಮ್ಮನೆ ಕೂರುದಿಲ್ಲ ಅಂತಾದ್ರೆ ಅದಕ್ಕೆ ಬೇರೆ ಎಂತಾದ್ರೂ ಕೊಡುವ. ಕಿವಿ ಮುಚ್ಚುವ ಕಪ್ಪು ಉಂಟಲ್ಲ, ಹೆಡ್‌ಫೋನಿನಂಥದ್ದು, ಸದ್ದು ಕೇಳದ ಹಾಗೆ? ಅದಕ್ಕೆ ನಳಿಗೆ ಇಲ್ಲ. ಅದನ್ನು ಎಷ್ಟು ಬೇಕಾದ್ರೂ ಒತ್ತಿಕೊಳ್ಳಿ."

"ಕಿವಿಯ ಕಪ್ಪಿಗೆ ಮಾಡಿದ ನಮಸ್ಕಾರ ಗನ್ನಿಗೆ ಮುಟ್ತದಾ?"

"ಎರಡೂ ಒಂದೇ ಕ್ಲಬ್ಬಿನದ್ದಲ್ವಾ ಅಕ್ಕಾ."

ಲೋಲಕ್ಕನಿಗೆ ಇದು ಸರಿ ಕಂಡಿತು. ಊರಿನ ದೇವರಿಗೆ ಇಲ್ಲಿಂದಲೇ ಕೈ ಮುಗಿಯುವುದಿಲ್ಲವೇ ನಾವು?

ಪರೀಕ್ಷೆ ಬಂದದ್ದು ಭಾವನ ವಿಮಾನಕ್ಕೆ ಮೂರು ದಿನ ಮೊದಲು. ಅಲಿಕುಂಞಿ ತಮ್ಮ ಸ್ವಂತ ಕಾರಿನಲ್ಲಿ ಎಲ್ಲರನ್ನೂ ಕರೆದೊಯ್ದರು. ಮುಂದಿನ ಸೀಟಿನಲ್ಲಿ ಶಾಮಸುಂದರರು, ಹಿಂದೆ ನಾವು ಮೂವರು. ದಾರಿಯುದ್ದಕ್ಕೂ ಭಾವ ಜೇಬಿನ ಕೀಯನ್ನು ಕಿಣಿಕಿಣಿ ಎನ್ನಿಸುತ್ತಿದ್ದರು. ಲೋಲಕ್ಕ ಕಿಟಕಿಯ ಹೊರಗೆ ಮರಳು ನೋಡುತ್ತಾ ತುಟಿ ಅಲುಗಿಸುತ್ತಿದ್ದರು.

ಗುಂಡು ಹಾರಿಸುವ ಸಾಲಿನ ಹಿಂದೆ ದಪ್ಪ ಗಾಜು. ನಾವು ಅದರ ಹಿಂದೆ ನಿಂತೆವು. ಲೋಲಕ್ಕ ಕಿವಿಯ ಕಪ್ಪನ್ನು ಎತ್ತಿ, ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡು, ತಲೆಗೆ ಹಾಕಿದರು. ಪಿಸ್ತೂಲನ್ನು ಎತ್ತಿದರು. ಅದು ನೇರ ಗುರಿಯ ಕಡೆಗೇ ಹೋಯಿತು. ನನ್ನ ಪಕ್ಕದಲ್ಲಿ ಮೋಹನದಾಸರು ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟರು.

ಮೊದಲ ಸುತ್ತು ಚೆನ್ನಾಯಿತು. ಎರಡನೆಯದೂ ಚೆನ್ನಾಯಿತು. ಪ್ರತಿ ಸುತ್ತಿನ ನಡುವೆ ಬಿಡುವಿನಲ್ಲಿ ಹೊರಗೆ ಬಂದು ಕಪ್ಪು ತೆಗೆದು, ಒತ್ತಿಕೊಂಡು, ಮತ್ತೆ ಹಾಕಿ ಒಳಗೆ ಹೋಗುತ್ತಿದ್ದರು. ರಷ್ಯಾದವನು ಅವರ ಕಾಗದದ ತೂತುಗಳನ್ನು ನೋಡಿದ. ತನ್ನ ಕಾಗದ ನೋಡಿಕೊಂಡ. ಆಮೇಲೆ ಯಾರೂ ನೋಡುತ್ತಿಲ್ಲವೆಂದುಕೊಂಡು ತನ್ನ ಕಿವಿಯ ಕಪ್ಪನ್ನು ಮೆಲ್ಲನೆ ಕಣ್ಣಿಗೆ ಒತ್ತಿಕೊಂಡ. ನಾನು ನೋಡಿದೆ.

ಕೊನೆಯ ಸುತ್ತು ಆತ್ಮರಕ್ಷಣೆಯದು. ಬೀಪ್ ಎಂದಾಗ ಹಿಂದೆ ಸರಿದು, ಕೂಗಿ, ಪಿಸ್ತೂಲು ಎತ್ತಿ, ಇನ್ನೊಂದು ಬೀಪ್ ಆಗುವುದರೊಳಗೆ ಎಲ್ಲ ಗುಂಡುಗಳನ್ನೂ ಹಾರಿಸಿ ಮುಗಿಸಬೇಕು. ಈ ಸಲ ಹಿಶಾಮ್ ಅವಸರ ಮಾಡಿದ್ದಕ್ಕೋ ಏನೋ, ಲೋಲಕ್ಕ ಕಪ್ಪು ಒತ್ತಿಕೊಳ್ಳದೆಯೇ ಹಾಕಿಕೊಂಡುಬಿಟ್ಟಿದ್ದರು. ಅದು ನೆನಪಾದದ್ದು ಬೀಪ್ ಎಂದ ಮೇಲೆ. ಹಿಂದೆ ಸರಿದರು. "ನಿಲ್ಲು!" ಎಂದು ಕೂಗಿದರು. ಗಾಜಿನ ಈಚೆ ಮೋಹನದಾಸರು ನೆಟ್ಟಗೆ ನಿಂತರು. ಆಮೇಲೆ ಲೋಲಕ್ಕ ಪಿಸ್ತೂಲು ಎತ್ತುವ ಬದಲು ಎರಡೂ ಕೈಯಿಂದ ಕಿವಿಯ ಕಪ್ಪನ್ನು ಮುಟ್ಟಿ, ಆ ಕೈಗಳನ್ನು ಬಲಗಣ್ಣಿಗೊಮ್ಮೆ, ಎಡಗಣ್ಣಿಗೊಮ್ಮೆ ಸಾವಕಾಶವಾಗಿ ಒತ್ತಿಕೊಂಡರು. ಅಷ್ಟಾದ ಮೇಲೆ ಪಿಸ್ತೂಲು ಎತ್ತಿ ಟಪಟಪನೆ ಹೊಡೆದರು. ಕೊನೆಯ ಗುಂಡು ನಟ್ಟನಡುವಿಗೆ ತಾಗಿತು. ಆದರೆ ಅದಕ್ಕಿಂತ ಮೊದಲೇ ಎರಡನೆಯ ಬೀಪ್ ಆಗಿಹೋಗಿತ್ತು.

ಹಿಶಾಮ್ ಕಾಗದ ಹಿಡಿದು ಬಂದ. ಅವನ ಮುಖ ನೋಡಿಯೇ ನಮಗೆ ತಿಳಿಯಿತು. "ಅಕ್ಕಾ, ಆ ಒಂದು ಗುಂಡು ಲೆಕ್ಕಕ್ಕೆ ಬರುದಿಲ್ಲ. ಅದೊಂದು ಬಂದಿದ್ರೆ ಪಾಸು. ಬರುವ ತಿಂಗಳು ಪುನಃ ಕೊಡ್ಲಿಕ್ಕಾಗ್ತದೆ."

ಬರುವ ತಿಂಗಳು ಭಾವ ಕಾಪುವಿನಲ್ಲಿ ಕುರ್ಚಿಯ ಮೇಲಿರುತ್ತಾರೆ. ಲೋಲಕ್ಕ ಕಿವಿಯ ಕಪ್ಪನ್ನು ಮೇಜಿನ ಮೇಲೆ ಇಟ್ಟರು. ಒತ್ತಿಕೊಳ್ಳದೆ ಇಟ್ಟರು. ಅದನ್ನು ನೋಡಿ ನನಗೆ ಸಂಕಟವಾಯಿತು.

ಶಾಮಸುಂದರರಿಗೆ ಮಾತ್ರ ಮೀಸೆ ಕುಣಿಯಿತು. "ಪರ್ವಾಗಿಲ್ಲ ಲೋಲಾಕ್ಷಿ, ಹೆಣ್ಣುಮಕ್ಕಳಿಗೆ ಇಷ್ಟು ಬಂದದ್ದೇ ಹೆಚ್ಚು. ಹಿಶಾಮ್, ನನಗೆ ಒಂದು ಗನ್ನು ಕೊಡಪ್ಪ. ಹೊಡೆಯುದು ಹೇಗೆ ಅಂತ ಇವಳು ಒಮ್ಮೆ ನೋಡ್ಲಿ."

ಹಿಶಾಮ್ ಅವರ ಗುರುತಿನ ಚೀಟಿ ಕೇಳಿದ, ಕನ್ನಡಕ ಕೊಟ್ಟ, ಕಿವಿಗೆ ಕಪ್ಪು ಕೊಟ್ಟ, ನಿಯಮಗಳನ್ನು ಹೇಳತೊಡಗಿದ. "ಗೊತ್ತುಂಟು, ಗೊತ್ತುಂಟು" ಎಂದು ಭಾವ ಕೈಯಾಡಿಸಿದರು. ಹಿಶಾಮ್ ಪಿಸ್ತೂಲನ್ನು ತೆರೆದು, ಒಳಗೆ ಗುಂಡಿಲ್ಲವೆಂದು ಬೆರಳಿಟ್ಟು ನೋಡಿ, ಮೊದಲು ಹಿಡಿಯುವುದನ್ನು ಕಲಿಸೋಣವೆಂದು ಖಾಲಿ ಪಿಸ್ತೂಲನ್ನೇ ಗುರಿಯ ಕಡೆಗೆ ತಿರುಗಿಸಿ ಮೇಜಿನ ಮೇಲೆ ಇಟ್ಟ. ಭಾವ ಆಗ ಸಫಾರಿಯ ಗುಂಡಿ ಹಾಕಿಕೊಳ್ಳುತ್ತಿದ್ದರು, ನೋಡಲಿಲ್ಲ. ತರಬೇತಿ ಪಡೆದವರೆಂದು ಲೋಲಕ್ಕನಿಗೆ ಪಕ್ಕದಲ್ಲೇ ನಿಲ್ಲಲು ಬಿಟ್ಟಿದ್ದರು. ನಾವು ಗಾಜಿನ ಈಚೆ.

ಶಾಮಸುಂದರರು ಎದೆಯುಬ್ಬಿಸಿ ಮುಂದೆ ಹೋದರು. ಪಿಸ್ತೂಲನ್ನು ಎತ್ತಿಕೊಂಡರು. ಎತ್ತಿಕೊಂಡದ್ದೇ ತಡ, ಅವರ ಎರಡೂ ಅಂಗೈ ಕೂಡಿದವು, ತಲೆ ತಾನಾಗಿಯೇ ಬಾಗಿತು, ಕಣ್ಣು ಮುಚ್ಚಿತು. ಅವರೂ ಕಾಪುವಿನವರೇ ಅಲ್ಲವೇ? ಅದೇ ಆಯುಧ ಪೂಜೆ, ಅದೇ ಪುಸ್ತಕಕ್ಕೆ ಕಾಲು ತಾಗಿದಾಗಿನ ಬೈಗುಳ ತಿಂದು ಬೆಳೆದವರು. ಪಕ್ಕದಲ್ಲಿ ರಷ್ಯಾದವನು ಏನೂ ಕೇಳದೆ ಮೇಜಿನಡಿ ಹೋದ.

ಪಿಸ್ತೂಲು ಅವರ ಎದೆಯ ಮಟ್ಟವನ್ನು ದಾಟಲಿಲ್ಲ. ಗಿಡುಗ ಎರಗಿದಂತೆ ಲೋಲಕ್ಕನ ಕೈ ಬಂದು ಭಾವನ ಮಣಿಕಟ್ಟನ್ನು ಹಿಡಿದು ಗುರಿಯತ್ತ ನೆಟ್ಟಗೆ ಚಾಚಿ ನಿಲ್ಲಿಸಿತು. ಜೊತೆಗೇ ಗರ್ಜನೆ, ಕಿವಿಯ ಕಪ್ಪು, ಗಾಜು, ಎಲ್ಲವನ್ನೂ ದಾಟಿ ನಮ್ಮವರೆಗೂ ಬಂತು:

"ಹ್ಯಾಂಡ್ಸ್ ಇನ್‌ಸೈಡ್! ಸಿಟ್!"

ಶಾಮಸುಂದರರು ಕೂತರು. ಅಲ್ಲಿ ಕುರ್ಚಿಯಿರಲಿಲ್ಲ. ನೆಲದ ಮೇಲೆ, ಚೆಲ್ಲಿದ ಗುಂಡಿನ ಖಾಲಿ ತೋಟೆಗಳ ನಡುವೆ, ಪದ್ಮಾಸನದಂತೆ ಕೂತರು. ಪಿಸ್ತೂಲು ಅಷ್ಟರಲ್ಲಿ ಲೋಲಕ್ಕನ ಕೈಯಿಂದ ಮೇಜಿಗೆ ಹೋಗಿ, ನಳಿಗೆ ಗುರಿಯ ಕಡೆಗೆ ಮಾಡಿ, ಅಚ್ಚುಕಟ್ಟಾಗಿ ಮಲಗಿತ್ತು. ಈ ಸಲ ಗಂಟೆ ಬಡಿಯಲೇ ಇಲ್ಲ. ಹಿಶಾಮನ ಕೈ ಗಂಟೆಯ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತ್ತು.

ನಾವು ಒಳಗೆ ಓಡಿದೆವು. ಭಾವನ ಮುಖ ಬಿಳಿಚಿಕೊಂಡಿತ್ತು. "ಅದು... ತುಂಬಿತ್ತಾ?" ಎಂದು ಹಿಶಾಮನನ್ನು ಕೇಳಿದರು.

ಹಿಶಾಮ್ ಬಹಳ ಗಂಭೀರವಾಗಿ ಒಂದನೇ ನಿಯಮ ಹೇಳಿದ. "ಇಲ್ಲಿ ಎಲ್ಲ ಗನ್ನೂ ತುಂಬಿದ್ದೇ ಸರ್."

"ಅಯ್ಯೋ ದೇವರೇ" ಎಂದರು ಭಾವ.

ಮೋಹನದಾಸರು ಅಣ್ಣನನ್ನು ಎಬ್ಬಿಸಲು ಬಗ್ಗಿದರು. "ನಿನಗೆ ಅಭ್ಯಾಸ ಉಂಟು ಅಂತ ಹೇಳಿದ್ದಿಯಲ್ಲ ಅಣ್ಣ?"

"ಬಂಕಿನ ಎದುರಿನ ಅಂಗಡಿಯಲ್ಲಿ ಬೆಲೂನಿಗೆ ಹೊಡೆದಿದ್ದೆ ಮಾರಾಯ. ಅದೂ ತಾಗ್ಲಿಲ್ಲ."

ವಾಪಸು ಬರುವಾಗ ಕಾರಿನಲ್ಲಿ ಅಲಿಕುಂಞಿಯವರ ಹೆಗಲು ತಡೆಹಿಡಿದ ನಗುವಿಗೆ ಆಗಾಗ ಕುಲುಕುತ್ತಿತ್ತು. ಭಾವ ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದರು. ಲೋಲಕ್ಕನ ಐದು ಬೆರಳೂ ಅಲ್ಲಿ ಕೆಂಪಗೆ ಮೂಡಿದ್ದವು.

"ಲೋಲಾಕ್ಷಿ" ಎಂದರು ಕೊನೆಗೆ, ಹಿಂದಕ್ಕೆ ತಿರುಗದೆ.

"ಎಂತ ಭಾವ?"

"ಯಾರಾದ್ರೂ ಕ್ಯಾಶಿಗೆ ಕೈ ಹಾಕಿದ್ರೆ ನೀನು ಎಂತ ಮಾಡ್ತೀ ಅಂತ ಕೇಳಿದ್ದೆ ಅಲ್ವಾ ನಾನು?"

"ಹೌದು."

"ಇನ್ನು ಕೇಳುದಿಲ್ಲ."

"ಆದ್ರೆ ನಾನು ಪಾಸಾಗ್ಲಿಲ್ಲ ಭಾವ. ಮಾತು ಅಂದ್ರೆ ಮಾತು." ಲೋಲಕ್ಕ ಅಂಥವರೇ. ಕುರ್ಚಿ ಹತ್ತಿರ ಬಂದಾಗಲೂ ನ್ಯಾಯ ಬಿಡುವವರಲ್ಲ.

ಶಾಮಸುಂದರರಿಗೆ ಸಿಟ್ಟು ಬಂತು. "ಕೊಡುದು ಬೇಡ ಅಂತೀಯಾ? ನಾನು ದೊಡ್ಡವನೋ ನೀನು ದೊಡ್ಡವಳೋ? ಆ ಪರೀಕ್ಷೆ ಇಟ್ಟದ್ದು ಕಾಗದದ ಮನುಷ್ಯನ ಮೇಲೆ. ನಾನು ಕಾಗದವಾ? ಸಾಕ್ಷಿ ಇವರು ಹೇಳ್ಲಿ."

ಎಲ್ಲರೂ ನನ್ನತ್ತ ನೋಡಿದರು. ಅಲಿಕುಂಞಿಯವರೂ ಕನ್ನಡಿಯಲ್ಲಿ ನೋಡಿದರು.

"ಕಾಗದದ ಮನುಷ್ಯ ಕೂತದ್ದನ್ನು ನಾನು ನೋಡ್ಲಿಲ್ಲ" ಎಂದೆ. "ನೀವು ಕೂತದ್ದನ್ನು ನೋಡಿದೆ."

"ಖಲಾಸ್" ಎಂದರು ಅಲಿಕುಂಞಿ.

ಭಾವ ಜೇಬಿಗೆ ಕೈ ಹಾಕಿ ಕ್ಯಾಬಿನ್ನಿನ ಕೀ ತೆಗೆದರು. ಕಾರು ಅಷ್ಟರಲ್ಲಿ ಊರಿನ ಸಿಗ್ನಲ್ಲಿಗೆ ಬಂದು ನಿಂತಿತ್ತು. ಕೀಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಲಗಣ್ಣಿಗೊಮ್ಮೆ, ಎಡಗಣ್ಣಿಗೊಮ್ಮೆ ಒತ್ತಿಕೊಂಡು ಹಿಂದಕ್ಕೆ ಚಾಚಿದರು. ಲೋಲಕ್ಕ ಅದನ್ನು ತಕೊಂಡು ತಮ್ಮ ಕಣ್ಣಿಗೆ ಒತ್ತಿಕೊಂಡರು, ಬಹಳ ಹೊತ್ತು.

ಅಲಿಕುಂಞಿಯವರು ಸ್ಟೀರಿಂಗಿನ ಹಿಂದೆ ರಷ್ಯಾದವನ ಹಾಗೆ ತಲೆ ತಗ್ಗಿಸಿ ಕೂತಿದ್ದರು.

"ಕೀ ಅದು ಕಾಕ. ಹೆದರ್ಬೇಡಿ" ಎಂದರು ಲೋಲಕ್ಕ.

"ನಿಮ್ಮನ್ನು ನಂಬ್ಲಿಕ್ಕಾಗುದಿಲ್ಲ ಮಾರಾಯ್ತಿ" ಎಂದು ಅವರು ತಲೆ ಎತ್ತದೆಯೇ ಹೇಳಿದರು. "ಹಸಿರು ಬಿದ್ರೆ ಹೇಳಿ."